ಯಾವ ನಮ್‌ಪೈ?

ರೋಬೋಟಿಕ್ಸ್ ಲ್ಯಾಬ್ ಅಂದರೆ ಅಲ್ಲಿ ರೋಬೋಟ್‌ಗಳು ಓಡಾಡಿಕೊಂಡಿರುತ್ತವೆ ಅಂತ ಜನ ಅಂದುಕೊಂಡಿದ್ದಾರೆ. ನಾನು ನೋಡಿಕೊಳ್ಳುವ ಕಾಲೇಜ್ ಲ್ಯಾಬಿನಲ್ಲಿ ಓಡಾಡುವುದು ಹುಡುಗರು ಮಾತ್ರ. ರೋಬೋಟ್ ಮೂಲೆಯಲ್ಲಿ ಚಾರ್ಜಿಗೆ ಕೂತಿರುತ್ತದೆ. ಎರಡು ಚಕ್ರ, ಮೇಲೊಂದು ಕ್ಯಾಮೆರಾ, ಹೆಸರು ಗುಂಡ. ಗುಂಡನ ಮೋಟರ್ ಕೆಟ್ಟಿದ್ದು ನನಗೆ ನೆನಪಿಲ್ಲ. ಕೆಡುವುದೆಲ್ಲ ಲ್ಯಾಪ್‌ಟಾಪ್ ಒಳಗೆ. ಅದೂ ಪ್ರಾಜೆಕ್ಟ್ ರಿವ್ಯೂ ಹಿಂದಿನ ದಿನ ಸಂಜೆ.

ಗುಂಡನನ್ನು ನಡೆಸುವುದು ರಾಸ್ 2. ರೋಬೋಟ್ ಆಪರೇಟಿಂಗ್ ಸಿಸ್ಟಮ್ ಅಂತ ದೊಡ್ಡ ಹೆಸರು, ಆದರೆ ಅದು ಕೂತಿರುವುದು ಉಬುಂಟು ಅನ್ನುವ ಲಿನಕ್ಸ್ ಮೇಲೆ. 2022ರ ಮೇ ತಿಂಗಳಲ್ಲಿ ಬಂದ ಹಂಬಲ್ ಆವೃತ್ತಿಗೆ ಉಬುಂಟು 22.04 ಬೇಕು. ಅದರ ಪೈಥಾನ್ 3.10, ಲೆಕ್ಕ ಮಾಡಲು ಅದರದೇ ನಮ್‌ಪೈ ಲೈಬ್ರರಿ, ಚಿತ್ರ ನೋಡಲು ಅದರದೇ ಓಪನ್‌ಸಿವಿ. ಎಲ್ಲವೂ ಆಪ್ಟ್ ಅನ್ನುವ ಉಬುಂಟುವಿನದೇ ಇನ್‌ಸ್ಟಾಲರ್ ಮೂಲಕ ಬಂದು, ಒಂದಕ್ಕೊಂದು ಹೊಂದಿಕೊಂಡು, ತಮ್ಮ ಪಾಡಿಗೆ ತಾವು ಇರುತ್ತವೆ. ಯಾರೂ ಮುಟ್ಟದಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತವೆ. ಆದರೆ ನಮ್ಮ ಹುಡುಗರು ವಿಡಿಯೋ ನೋಡುತ್ತಾರೆ.

ಪೈಥಾನಿಗೆ ಅದರದೇ ಇನ್‌ಸ್ಟಾಲರ್ ಇದೆ, ಹೆಸರು ಪಿಪ್. ವಿಡಿಯೋದವನು ಪಿಪ್ ಇನ್‌ಸ್ಟಾಲ್ ಅಂತಾನೆ, ಇವರೂ ಅಂತಾರೆ. ವಸ್ತು ಗುರುತಿಸುವ ಒಂದು ಲೈಬ್ರರಿ ಬರುತ್ತದೆ, ಅದರ ಬೆನ್ನಿಗೇ ಕೇಳದೆ ಇದ್ದ ನಮ್‌ಪೈ 2 ಕೂಡ ಬರುತ್ತದೆ. ಕ್ಯಾಮೆರಾದ ಚಿತ್ರವನ್ನು ರಾಸ್‌ನಿಂದ ಓಪನ್‌ಸಿವಿಗೆ ದಾಟಿಸುವ ಸಿವಿ ಬ್ರಿಜ್ ಕಂಪೈಲ್ ಆಗಿದ್ದು ನಮ್‌ಪೈ 1ರ ಜೊತೆ. 2024ರ ಜೂನಿನಲ್ಲಿ ಬಂದ ಈ ಹೊಸಬನ ಜೊತೆ ಅದಕ್ಕೆ ಸರಿಬರುವುದಿಲ್ಲ. ಪರದೆ ತುಂಬ ಕೆಂಪು ಅಕ್ಷರ, ಗುಂಡನಿಗೆ ಕಣ್ಣು ಕಾಣುವುದಿಲ್ಲ.

ಆಗ ಲ್ಯಾಪ್‌ಟಾಪ್ ತೆರೆದುಕೊಂಡೇ ನನ್ನ ಹತ್ತಿರ ಬರುತ್ತಾರೆ.

"ಸರ್, ನಾವೇನೂ ಮಾಡಿಲ್ಲ ಸರ್. ನಿನ್ನೆ ತನಕ ಚೆನ್ನಾಗಿತ್ತು."

"ಪಿಪ್ ಏನಾದ್ರೂ ಹಾಕಿದ್ರಾ?"

"ಅದೊಂದು ಹಾಕಿದ್ವಿ ಸರ್. ಬೇರೇನೂ ಇಲ್ಲ."

ನಾನು ಇದನ್ನು ಹೀಗೆ ವಿವರಿಸುತ್ತೇನೆ. ಕ್ಲಾಸಿನಲ್ಲಿ ಇಬ್ಬರು ಮಂಜುನಾಥ ಇದ್ದಾರೆ. ಹಾಜರಿ ಕರೆದರೆ ಮುಂದಿನ ಬೆಂಚಿನವನು ಎಸ್ ಸರ್ ಅಂದುಬಿಡುತ್ತಾನೆ. ಹಿಂದಿನ ಬೆಂಚಿನವನನ್ನು ಕೇಳುವವರೇ ಇಲ್ಲ. ಪೈಥಾನ್ ಹಾಜರಿ ಕರೆಯುವುದೂ ಹೀಗೇ. ಸುಮ್ನೆ ಪಿಪ್ ಮಾಡಿದ್ದು ನಮ್ಮ ಹೋಮ್ ಫೋಲ್ಡರಿನಲ್ಲಿ ಬಚ್ಚಿಟ್ಟಿರುವ ಡಾಟ್ ಲೋಕಲ್ ಒಳಗೆ ಕೂರುತ್ತದೆ. ಅದು ಮುಂದಿನ ಬೆಂಚು. ಆಪ್ಟ್ ತಂದದ್ದು ಸಿಸ್ಟಮ್ಮಿನ ಡಿಸ್ಟ್ ಪ್ಯಾಕೇಜಸ್ ಫೋಲ್ಡರಿನಲ್ಲಿ, ಕೊನೆಯ ಬೆಂಚಿನಲ್ಲಿ. ಎರಡೂ ಇವೆ, ಉತ್ತರ ಕೊಡುವುದು ಒಂದೇ. ಹಾಗಾಗಿ ನನ್ನ ಮೊದಲ ಮದ್ದು ಒಂದೇ ಸಾಲಿನದು: ನಮ್‌ಪೈ ಇಂಪೋರ್ಟ್ ಮಾಡಿ, ಅದರ ಫೈಲ್ ಎಲ್ಲಿದೆ ಅಂತ ಪ್ರಿಂಟ್ ಮಾಡಿಸಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಲ್ಯಾಬಿನಲ್ಲಿ ಈಗ ನನ್ನನ್ನು ಕಂಡರೆ "ಯಾವ ನಮ್‌ಪೈ?" ಅಂತ ಹುಡುಗಿಯರು ಅಣಕಿಸುತ್ತಾರೆ. ಅಣಕಿಸಲಿ, ಅವರ ಲ್ಯಾಪ್‌ಟಾಪ್ ಮಾತ್ರ ಕೆಡುವುದಿಲ್ಲ.

ತನ್ನದೇ ಪೈಥಾನ್ ಹೊತ್ತು ತರುವ ಕಾಂಡಾ ಹಾಕಿಕೊಂಡವರ ಪಾಡು ಇನ್ನೂ ಜಾಸ್ತಿ. ಟರ್ಮಿನಲ್ಲಿನಲ್ಲಿ ಬೇಸ್ ಅಂತ ಕಾಣುತ್ತಿದ್ದರೆ ಅಲ್ಲಿ ಓಡುತ್ತಿರುವ ಪೈಥಾನೇ ಬೇರೆ. ಬಿಲ್ಡ್ ಮಾಡಲು, ಅಂದರೆ ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟಲು ಹೋದರೆ 'ಎಂ' ಅನ್ನುವ ಮಾಡ್ಯೂಲ್ ಇಲ್ಲ ಅನ್ನುತ್ತದೆ. ಹುಡುಗ ಒಳ್ಳೆಯವನು, ಹೇಳಿದ್ದನ್ನು ಹೇಳಿದ ಹಾಗೆ ಕೇಳುತ್ತಾನೆ. ಪಿಪ್ ಇನ್‌ಸ್ಟಾಲ್ ಎಂ ಅಂತ ಒತ್ತುತ್ತಾನೆ. ಆ ಹೆಸರಿನದೂ ಒಂದು ಸಿಕ್ಕಿಬಿಡುತ್ತದೆ! ಸಂಬಂಧವೇ ಇಲ್ಲದ್ದು. ಬೇಕಾಗಿದ್ದ ಪ್ಯಾಕೇಜಿನ ಹೆಸರು ಎಂಪೈ. ಅದನ್ನು ಹೇಗೋ ಪತ್ತೆ ಮಾಡಿ ಹಾಕಿದರೆ ಆವೃತ್ತಿ 4 ಬರುತ್ತದೆ, ಹಂಬಲ್‌ಗೆ ಬೇಕಿರುವುದು 3.3.4. ಹುಡುಗ ಕಾಂಡಾ ಆಫ್ ಮಾಡಿದ್ದರೆ ಇಷ್ಟೆಲ್ಲ ಇರಲಿಲ್ಲ. ಉಬುಂಟುವಿನಲ್ಲಿ ಸರಿಯಾದದ್ದು ಮೊದಲೇ ಕೂತಿತ್ತು.

ಇವರೆಲ್ಲರಿಗೂ ಗುರು ಅನ್ನಿಸಿಕೊಳ್ಳುವವನು ಫೈನಲ್ ಇಯರಿನ ಒಬ್ಬ. ಓಪನ್‌ಸಿವಿಯನ್ನು ಸೋರ್ಸ್‌ನಿಂದಲೇ ಬಿಲ್ಡ್ ಮಾಡಿದ, ಸುಡೊ ಮೇಕ್ ಇನ್‌ಸ್ಟಾಲ್ ಕೊಟ್ಟ. ಅದು ಸಿಸ್ಟಮ್ಮಿನ ಯೂಸರ್ ಲೋಕಲ್ ಅನ್ನುವ ಫೋಲ್ಡರಿಗೆ ಹೋಯಿತು. ಬಿಲ್ಡ್‌ಗೆ ಬೇಕಾದ ಲೈಬ್ರರಿಗಳನ್ನು ಹುಡುಕುವ ಸಿಮೇಕ್ ಅಲ್ಲಿಗೇ ಮೊದಲು ಇಣುಕುತ್ತದೆ. ಇವನ ಕೋಡ್ ಹೊಸದಕ್ಕೆ ಅಂಟಿತು, ಸಿವಿ ಬ್ರಿಜ್ ಆಪ್ಟ್ ತಂದಿದ್ದ ಹಳೆಯ ಓಪನ್‌ಸಿವಿ 4.5ಕ್ಕೇ ಅಂಟಿಕೊಂಡಿತ್ತು. ಒಂದೇ ಪ್ರೋಗ್ರಾಮಿನಲ್ಲಿ ಎರಡು ಓಪನ್‌ಸಿವಿ. ಕೊನೆಗೆ ಎಲ್ಲವನ್ನೂ ಜೋಡಿಸುವ ಲಿಂಕರ್ ಪಾಪ, ಇವೆರಡೂ ಹೊಡೆದಾಡಬಹುದು ಅಂತ ಎಚ್ಚರಿಕೆ ಕೊಟ್ಟಿತ್ತು. ಹಳದಿ ಅಕ್ಷರ ಯಾರು ಓದುತ್ತಾರೆ? ಸೆಗ್ಮೆಂಟೇಷನ್ ಫಾಲ್ಟ್ ಅಂತ ಪ್ರೋಗ್ರಾಮ್ ಅಲ್ಲೇ ಬಿತ್ತು. ಎಲ್ಲಿಗೆ ಇನ್‌ಸ್ಟಾಲ್ ಆಗಬೇಕು ಅಂತ ಹೇಳಲು ಇನ್‌ಸ್ಟಾಲ್ ಪ್ರಿಫಿಕ್ಸ್ ಅಂತ ಒಂದಿದೆ, ಅದಕ್ಕೆ ಹೋಮ್ ಫೋಲ್ಡರಿನ ವಿಳಾಸ ಕೊಟ್ಟಿದ್ದರೆ ಸಾಕಿತ್ತು. ಇವನು ಬೇರೆ ದಾರಿ ಹಿಡಿದ: ಸಿಸ್ಟಮ್ಮಿನ ಓಪನ್‌ಸಿವಿಯನ್ನೇ ತೆಗೆದುಬಿಡೋಣ ಅಂದ. ಆಪ್ಟ್ ಮರ್ಯಾದೆಯಿಂದ, ಇದರ ಜೊತೆ ಇವೆಲ್ಲವೂ ಹೋಗುತ್ತವೆ ಅಂತ ಉದ್ದದ ಪಟ್ಟಿ ಕೊಟ್ಟಿತು. ಇವನು ವೈ ಒತ್ತಿದ. ಸಿವಿ ಬ್ರಿಜ್ ಸೇರಿ ಒಂದು ದೊಡ್ಡ ಗುಂಪೇ ಹೊರಟುಹೋಯಿತು.

ಉಬುಂಟು 24.04ರಲ್ಲಿ ಪಿಪ್‌ಗೆ ಬುದ್ಧಿ ಬಂದಿದೆ. ಸಿಸ್ಟಮ್ ಪೈಥಾನ್ ಮುಟ್ಟಲು ಹೋದರೆ ಆಗಲ್ಲ ಅನ್ನುತ್ತದೆ. ಜೊತೆಗೆ, ಹಟ ಇದ್ದರೆ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅಂತ ಸೇರಿಸಿ ಅಂತಲೂ ತಿಳಿಸುತ್ತದೆ. ನಮ್ಮವರು ಮೇಲಿನ ಸಾಲು ಬಿಟ್ಟು ಇದನ್ನೇ ಕಾಪಿ ಮಾಡುತ್ತಾರೆ.

ಸರಿ, ಪಿಪ್ ತರುವುದನ್ನೆಲ್ಲ ಬೇರೆ ಫೋಲ್ಡರಿನಲ್ಲಿ ಇಡುವ ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ ಅಂದೆ. ಸಿಸ್ಟಮ್ಮಿನ ಪ್ಯಾಕೇಜುಗಳೂ ಕಾಣುವ ಹಾಗೆ ಮಾಡಿ, ಇಲ್ಲದಿದ್ದರೆ ರಾಸ್‌ನ ಸಾಮಾನೇ ಸಿಗುವುದಿಲ್ಲ. ಒಳಗೆ ನಮ್‌ಪೈ ಆವೃತ್ತಿ 2ಕ್ಕಿಂತ ಕೆಳಗಿರಲಿ. ಆ ಫೋಲ್ಡರಿನಲ್ಲಿ ಕೋಲ್ಕನ್ ಇಗ್ನೋರ್ ಅನ್ನುವ ಖಾಲಿ ಫೈಲ್ ಇಡಿ, ಬಿಲ್ಡ್ ಮಾಡುವಾಗ ರಾಸ್‌ನ ಬಿಲ್ಡ್ ಸಾಧನವಾದ ಕೋಲ್ಕನ್ ಅದರೊಳಗೂ ಕೈ ಹಾಕದಿರಲಿ. ರಾಸ್‌ಗೆ ಬೇಕಾದ ಪ್ಯಾಕೇಜುಗಳನ್ನು ತರಿಸಿಕೊಡುವ ರಾಸ್‌ಡೆಪ್‌ನಲ್ಲಿ ಸಿಗುವುದನ್ನು ಪಿಪ್‌ನಲ್ಲಿ ತರಬೇಡಿ. ಎಲ್ಲರೂ ತಲೆಯಾಡಿಸಿದರು. ಯಾರೂ ಬರೆದುಕೊಳ್ಳಲಿಲ್ಲ.

ಕೊನೆಗೆ ಡಾಕರ್ ಹೇಳಿಕೊಟ್ಟೆ. ಲ್ಯಾಪ್‌ಟಾಪ್ ಒಳಗೇ ಕಂಟೇನರ್ ಅನ್ನುವ ಬೇರೆ ಡಬ್ಬಿ ಮಾಡಿ, ಅದರಲ್ಲಿ ಎಲ್ಲವನ್ನೂ ಓಡಿಸುವ ಸಾಧನ ಅದು. ಕಂಟೇನರ್ ಒಳಗೆ ಏನು ಬೇಕಾದರೂ ಒಡೆದುಹಾಕಿ, ಕೆಟ್ಟರೆ ಅಳಿಸಿ ಹೊಸದು ಮಾಡಿಕೊಳ್ಳಿ ಅಂದೆ. ಮಾರನೇ ವಾರ ಫೈನಲ್ ಇಯರಿನವನು ನಗುನಗುತ್ತಾ ಬಂದ.

"ಸರ್, ಕಂಟೇನರ್ ಡಿಲೀಟ್ ಮಾಡಿ ಹೊಸದು ಶುರು ಮಾಡಿದ್ವಿ. ಒಂದೂ ಎರರ್ ಇಲ್ಲ!"

"ಭೇಷ್. ನಿಮ್ಮ ಕೋಡ್ ಎಲ್ಲಿಟ್ಟಿದ್ರಿ?"

"ಅದರೊಳಗೇ ಸರ್."