ಸೋರುವ ಹಡಗು, ಸೋರದ ಕೋಣೆ

ಸ್ಪ್ಯಾನಿಷ್ ಭಾಷೆಯಲ್ಲಿ ‘ಕಾಮರ’ ಎಂದರೆ ಕೋಣೆ, ‘ಕಮರಿಯಾ’ ಎಂದರೆ ಪುಟ್ಟ ಕೋಣೆ. ದೊರೆಯ ಕಿವಿ ಕಚ್ಚುವ ಗುಪ್ತ ಸಲಹೆಗಾರರ ಪಟಾಲಮ್ಮಿಗೂ ಇದೇ ಹೆಸರು. ನಮ್ಮ ಕ್ಯಾಮೆರಾ ಕೂಡ ಇದೇ ವಂಶದ ಪದ. ಅದು ಕಂಡದ್ದನ್ನೆಲ್ಲ ತೋರಿಸುತ್ತದೆ, ಇದು ಬಾಗಿಲು ಹಾಕಿಕೊಳ್ಳುತ್ತದೆ. ಕನ್ನಡದ ಕಿವಿಗೆ ಮಾತ್ರ ಮೊದಲು ನೆನಪಾಗುವುದು ಘಾಟಿಯಲ್ಲಿ ಬಸ್ಸುಗಳು ಉರುಳುವ ಕಮರಿ. ಅಂಥ ತಪ್ಪೇನೂ ಅಲ್ಲ.

‘ಕಮರಿಯಾ’ ಪದಕ್ಕೆ ಪಟ್ಟ ಕಟ್ಟಿಸಿದವನು ಸ್ಪೇನಿನ ಏಳನೆಯ ಫರ್ಡಿನೆಂಡ್. ನೆಪೋಲಿಯನ್ನನ ಸೆರೆಯಿಂದ 1814ರಲ್ಲಿ ಊರಿಗೆ ಮರಳಿದವನು, ತಾನಿಲ್ಲದಾಗ ತನ್ನ ಹೆಸರಿನಲ್ಲೇ ಕಾದಾಡಿದ ಜನ ಬರೆದುಕೊಂಡಿದ್ದ 1812ರ ಸಂವಿಧಾನವನ್ನು ಮೊದಲು ರದ್ದುಪಡಿಸಿದ. ಆಮೇಲೆ ಮಂತ್ರಿಗಳನ್ನು ನೇಮಿಸಿದ. ಪಾಪ, ಅವರು ತಾವೇ ಮಂತ್ರಿಗಳೆಂದು ನಂಬಿದ್ದರು.

ರಾಜ್ಯ ನಡೆಯುತ್ತಿದ್ದುದು ಒಳಕೋಣೆಯಲ್ಲಿ, ಸಿಗಾರಿನ ಹೊಗೆಯ ನಡುವೆ. ಅಲ್ಲಿ ಅಲಗೋನಿನ ಡ್ಯೂಕ್ ಇದ್ದ. ಆಂತೋನಿಯೊ ಉಗಾರ್ತೆ ಎಂಬ ದಲ್ಲಾಳಿ ಇದ್ದ. ಹಿಂದೆ ಮ್ಯಾಡ್ರಿಡ್‌ನಲ್ಲಿ ನೀರು ಮಾರುತ್ತಿದ್ದ, ‘ಚಮೊರ್ರೊ’ ಎಂಬ ಅಡ್ಡಹೆಸರಿನ ಪೆದ್ರೊ ಕೊಯಾದೊ ಇದ್ದ. ನೀರು ಮಾರಿದವನು ಮಂತ್ರಿಯಾದರೆ ನನ್ನ ತಕರಾರಿಲ್ಲ, ನಾನೇ ಹಾರ ತರುತ್ತೇನೆ. ಮಂತ್ರಿಯಾಗದೆಯೇ ಮಂತ್ರಿಗಳನ್ನು ನಡುಗಿಸುವುದಿದೆಯಲ್ಲ, ವಿದ್ಯೆ ಇರುವುದು ಅದರಲ್ಲಿ. ಇವರೆಲ್ಲರ ಜೊತೆಗೆ ರಷ್ಯಾದ ರಾಯಭಾರಿ ತತಿಶ್ಚೇವ್! ಪರದೇಶದ ರಾಯಭಾರಿಯೇ ಒಳಗೆ ಕುಳಿತ ಮೇಲೆ ಗುಟ್ಟನ್ನು ಯಾರಿಂದ ಕಾಪಾಡಬೇಕು? ತಮ್ಮದೇ ಮಂತ್ರಿಗಳಿಂದ.

ಕಾಪಾಡಿದರು ಕೂಡ. ಅಮೆರಿಕದ ವಸಾಹತುಗಳ ದಂಗೆ ಅಡಗಿಸಲು ಹಡಗು ಬೇಕಾಗಿತ್ತು. 1817ರಲ್ಲಿ ತತಿಶ್ಚೇವ್ ಮತ್ತು ಉಗಾರ್ತೆ ಸೇರಿ ರಷ್ಯಾದ ದೊರೆ ತ್ಸಾರ್‌ನಿಂದ ಐದು ದೊಡ್ಡ ಯುದ್ಧನೌಕೆ, ಮೂರು ಫ್ರಿಗೇಟ್‌ ಎಂಬ ಚಿಕ್ಕ ಯುದ್ಧನೌಕೆಗಳ ವ್ಯಾಪಾರ ಕುದುರಿಸಿದರು. ನೌಕಾ ಮಂತ್ರಿ ವಾಸ್ಕೆಸ್ ಫಿಗೆರೋವಾಗೆ ಸುಳಿವೇ ಕೊಡಲಿಲ್ಲ. ಹಡಗಿನ ವ್ಯವಹಾರದಲ್ಲಿ ನೌಕಾ ಮಂತ್ರಿಗೇನು ಕೆಲಸ? ಗುಲಾಮರ ವ್ಯಾಪಾರ ನಿಲ್ಲಿಸುವ ಒಪ್ಪಂದಕ್ಕಾಗಿ ಬ್ರಿಟನ್ ಕೊಟ್ಟ 4 ಲಕ್ಷ ಪೌಂಡ್ ಕೂಡ ಈ ಖರೀದಿಗೇ ಹೋಯಿತು.

1818ರ ಫೆಬ್ರವರಿಯಲ್ಲಿ ಹಡಗುಗಳು ಸ್ಪೇನಿನ ಕಾದಿಸ್ ಬಂದರಿಗೆ ಬಂದವು. ನೋಡಿದರೆ ಬಹುಪಾಲು ಮರ ಲಡ್ಡು ಹಿಡಿದಿತ್ತು! ನೀರಿನ ವಿಷಯ ಬಲ್ಲವನೊಬ್ಬ ಕೋಣೆಯಲ್ಲೇ ಇದ್ದನಲ್ಲ, ಸೋರುವ ಪಾತ್ರೆ ಯಾವುದೆಂದು ಅವನನ್ನು ಕೇಳಿದ್ದರೂ ಸಾಕಿತ್ತು. ಅದೇ ಸೆಪ್ಟೆಂಬರಿನಲ್ಲಿ ಕೆಲಸ ಕಳೆದುಕೊಂಡು ಮ್ಯಾಡ್ರಿಡ್ ಬಿಟ್ಟವನು, ಹಡಗು ಕೊಳ್ಳದಿದ್ದ ನೌಕಾ ಮಂತ್ರಿ. ಅವುಗಳಲ್ಲೊಂದಾದ, ಮರುವರ್ಷ ಪೆರುವಿನತ್ತ ಹೊರಟ ‘ಅಲೆಹಾಂದ್ರೊ’ ನೌಕೆ ಭೂಮಧ್ಯರೇಖೆಯ ಹತ್ತಿರ ನೀರು ಕುಡಿದು ಹಿಂದಿರುಗಿತು. ತ್ಸಾರ್ ಅಲೆಕ್ಸಾಂಡರನದೇ ಹೆಸರು ಅದಕ್ಕೆ.

ಇತ್ತ ಅಮೆರಿಕಕ್ಕೆ ಹೊರಡಬೇಕಿದ್ದ ಸೈನಿಕರು ಕಾದಿಸ್ ಸುತ್ತಮುತ್ತ ಕಾದರು, ಕಾದರು, ಕೊನೆಗೆ 1820ರ ಜನವರಿ 1ರಂದು ದಂಗೆ ಎದ್ದು ಹಳೆಯ ಸಂವಿಧಾನವನ್ನೇ ಕೇಳಿದರು. ದೊರೆ ಒಪ್ಪಿದ. ಜುಲೈಯಲ್ಲಿ ಸಂಸತ್ತಿನ ಎದುರು ನಿಂತು ಪ್ರಮಾಣ ಮಾಡಿದ; ಅಷ್ಟು ಜನಕ್ಕೆ ಆ ಪುಟ್ಟ ಕೋಣೆಯಲ್ಲಿ ಕುರ್ಚಿ ಸಾಲುತ್ತಿರಲಿಲ್ಲ.