ಸೈಕಲ್ ರೂಟ್ ಹಾಕೋಕೆ ಮ್ಯಾಪ್ ಸಾಲದು, ಗದ್ದೆಯಲ್ಲಿ ಏನಿದೆ ಅಂತ ಗೊತ್ತಿರಬೇಕು

ಮೈಸೂರು-ಮಂಡ್ಯ ಕಡೆಯ ಸೈಕಲ್ ಗುಂಪುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತೆ: "ಬೆಟ್ಟ ಬೇಡ, ಮಟ್ಟಸವಾಗಿರೋ ರೂಟ್ ಇದ್ರೆ ಹೇಳಿ." ಯಾರೋ ಒಬ್ಬರು ಒಂದು ರೂಟ್ ಫೈಲ್ ಹಾಕ್ತಾರೆ, ಹತ್ತು ಜನ ಥಂಬ್ಸ್ ಅಪ್ ಒತ್ತುತ್ತಾರೆ. ಆ ಫೈಲ್ ಯಾವ ತಿಂಗಳದು ಅಂತ ಒಬ್ಬರೂ ಕೇಳಲ್ಲ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಬಯಲುಸೀಮೆಯ ಹಳ್ಳಿ ರಸ್ತೆ ವರ್ಷವಿಡೀ ಒಂದೇ ಥರ ಇರಲ್ಲ. ನಾಟಿ ಕಾಲದಲ್ಲಿ ಕೆಸರು, ಕಬ್ಬಿನ ಕಟಾವಿನಲ್ಲಿ ಟ್ರ್ಯಾಕ್ಟರ್ ಸಾಲು, ಒಕ್ಕಣೆಯಲ್ಲಿ ರಸ್ತೆ ತುಂಬ ಹುಲ್ಲು.

ಎಲ್ಲರೂ ಹೋಗುವ ಸುತ್ತನ್ನೇ ತಗೊಳ್ಳಿ: ಮೈಸೂರು, ಬನ್ನೂರು, ಸೋಮನಾಥಪುರ, ತಿ. ನರಸೀಪುರ, ಮತ್ತೆ ಮೈಸೂರು. ಸುಮಾರು 75-80 ಕಿ.ಮೀ. 1258ರ ಹೊಯ್ಸಳ ದೇವಸ್ಥಾನ ನಡುದಾರಿಯಲ್ಲೇ ಸಿಗುತ್ತೆ, ಫೋಟೋಗೂ ಆಯ್ತು. ಇದನ್ನ ಮಟ್ಟಸ ಅಂತಾರೆ. ಆದರೆ ಕಾವೇರಿ-ಕಪಿಲೆ ಕೂಡುವ ನರಸೀಪುರ ಮೈಸೂರಿಗಿಂತ ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಬೆಳಿಗ್ಗೆ ಹೋಗುವಾಗ ಕಾಲಿಗೆ ಗೊತ್ತಾಗದ ಇಳಿಜಾರು, ಬಿಸಿಲೇರಿದ ಮೇಲೆ ವಾಪಸ್ ಬರುವಾಗ ಕಣ್ಣಿಗೆ ಕಾಣದ ಏರು. ಜೂನ್‌ನಿಂದ ಆಗಸ್ಟ್‌ವರೆಗೆ ಇದರ ಜೊತೆಗೆ ಪಡುವಣ ಗಾಳಿಯೂ ಸೇರುತ್ತೆ. ಹೋಗುವಾಗ ಬೆನ್ನಿಗೆ ಗಾಳಿ, 34-35ರ ವೇಗ ಪುಕ್ಕಟೆ. ಅದು ತನ್ನದೇ ತಾಕತ್ತು ಅಂದುಕೊಂಡವರು ಬರುವಾಗ 19ಕ್ಕೆ ಇಳಿದು, ಬ್ರೇಕ್ ಪ್ಯಾಡ್ ಉಜ್ಜುತ್ತಿದೆಯೇನೋ ಅಂತ ನಿಂತು ನಿಂತು ನೋಡ್ತಾರೆ.

ಮಟ್ಟಸ ರಸ್ತೆಯಲ್ಲಿ ಗಾಳಿಯೇ ಬೆಟ್ಟ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು, ಅದನ್ನ ಮೀರಲು ಬೇಕಾದ ಶಕ್ತಿ ಎಂಟರಷ್ಟು. ಬೆಟ್ಟಕ್ಕಾದರೆ ಒಂದು ತುದಿ ಇರುತ್ತೆ, ಗಾಳಿಗೆ ಅದೂ ಇಲ್ಲ. ಹಾಗಾಗಿ ಮಳೆಗಾಲದ ಆ ಮೂರು ತಿಂಗಳು ಬನ್ನೂರಿನ ಕಡೆ ಬಿಟ್ಟು ಪಶ್ಚಿಮಕ್ಕೆ ಹೋಗಿ: ಯಲವಾಲ, ಬಿಳಿಕೆರೆ, ಕೆ.ಆರ್. ನಗರ. ಗಾಳಿ ಇನ್ನೂ ಏಳದ ಹೊತ್ತಲ್ಲಿ ಎದುರು ತುಳಿದು ಮುಗಿಸಿ, ಒಂಬತ್ತು ಗಂಟೆ ದಾಟಿದ ಮೇಲೆ ಅದೇ ಗಾಳಿಯನ್ನ ಬೆನ್ನಿಗೆ ಹಾಕಿಕೊಂಡು ಬನ್ನಿ. ಬಿಳಿಕೆರೆವರೆಗೆ ಹೆದ್ದಾರಿಯ ಗಲಾಟೆ ಇದೆ, ಅದಕ್ಕೇ ಬೆಳಕು ಹರಿಯುವಷ್ಟರಲ್ಲಿ ಆ ಭಾಗ ದಾಟಿಬಿಡಬೇಕು.

ಕೆ.ಆರ್.ಎಸ್.ನಿಂದ ನಾಲೆಗೆ ನೀರು ಬಿಟ್ಟ ಎರಡು-ಮೂರು ವಾರಕ್ಕೆ ಒಳರಸ್ತೆಗಳ ಬಣ್ಣವೇ ಬದಲಾಗುತ್ತೆ. ಗದ್ದೆ ಕಲಸಿದ ಟ್ರ್ಯಾಕ್ಟರ್ ಕಬ್ಬಿಣದ ಕೇಜ್‌ವೀಲ್ ಸಮೇತ ರಸ್ತೆಗೆ ಹತ್ತಿದರೆ ಟಾರಿನ ಮೇಲೆ ಓರೆ ಓರೆ ಗೀರು ಬೀಳುತ್ತೆ, ಹಿಂದೆಯೇ ಕೆಸರಿನ ಹೆಂಟೆ. ಒಣಗಿದ ಹೆಂಟೆ ಬರೀ ಕುಲುಕುತ್ತೆ, ತುಂತುರು ಬಿದ್ದ ಹೆಂಟೆ ಸೋಪು. ತಿರುವಿನಲ್ಲಿ ಗದ್ದೆಗೆ ಇಳಿಯೋ ದಾರಿ ಕಂಡರೆ ಸೈಕಲ್ ವಾಲಿಸಬೇಡಿ. ಬ್ರೇಕ್ ತಿರುವಿಗೆ ಮುಂಚೆಯೇ ಹಿಡಿದು ಮುಗಿಸಿರಬೇಕು.

ಕಬ್ಬಿನ ಟ್ರ್ಯಾಕ್ಟರ್ ಬಗ್ಗೆ ಬೈಯೋರು ಬೇಕಾದಷ್ಟು ಜನ ಇದ್ದಾರೆ, ನಾನು ಎರಡೇ ಮಾತು ಹೇಳ್ತೀನಿ. ಒಂದು, ಎರಡು ಟ್ರೈಲರ್ ಎಳೆಯುವ ಗಾಡಿಯಲ್ಲಿ ಹಿಂದಿನದು ಎಡಕ್ಕೂ ಬಲಕ್ಕೂ ತೂಗಾಡುತ್ತೆ, ಜಲ್ಲೆ ಆಚೆಗೆ ಚಾಚಿರುತ್ತೆ. ಗಾಳಿ ತಡೆಯುತ್ತೆ ಅಂತ ಅದರ ಬೆನ್ನಿಗೆ ಅಂಟಿಕೊಳ್ಳೋದು ಹುಚ್ಚುತನ. ಎರಡು, ರಸ್ತೆಗೆ ಬಿದ್ದ ಜಲ್ಲೆ ಉರುಳುವ ಕೊಳವೆ ಇದ್ದ ಹಾಗೆ, ಓರೆಯಾಗಿ ಹತ್ತಿಸಿದರೆ ಮುಂದಿನ ಗಾಲಿ ಜಾರುತ್ತೆ. ನೇರವಾಗಿ ದಾಟಿ, ಇಲ್ಲ ನಿಲ್ಲಿ.

ಇನ್ನು ಹುರುಳಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಳರಸ್ತೆಯಲ್ಲಿ ಸೈಕಲ್ ಕೆಡಿಸುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ವಾಹನದ ಚಕ್ರಕ್ಕೆ ಸಿಕ್ಕಿ ಒಕ್ಕಣೆಯಾಗಲಿ ಅಂತ ರಾಗಿ, ಹುರುಳಿ ರಸ್ತೆಗೆ ಹರಡಿರುತ್ತಾರೆ. ರಾಗಿ ಹುಲ್ಲು ಒಣಗಿದ್ದರೂ ಪದರ ಪದರವಾಗಿ ಜಾರುತ್ತೆ, ಹುಲ್ಲಿನ ಅಂಚಿಗೆ ಉದುರಿದ ಕಾಳು ಬೇರಿಂಗ್ ಗುಂಡಿನ ಕೆಲಸ ಮಾಡುತ್ತೆ. ಆದರೂ ರಾಗಿ ಹುಲ್ಲು ತುಂಡಾಗುತ್ತೆ. ಹುರುಳಿ ಬಳ್ಳಿ ತುಂಡಾಗಲ್ಲ, ಸುತ್ತಿಕೊಳ್ಳುತ್ತೆ. ಪೆಡಲ್ ತುಳಿಯುತ್ತಿದ್ದರೆ ಚೈನು ಒಂದು ಎಳೆಯನ್ನ ಹಿಂದಿನ ಡಿರೇಲರ್‌ನ, ಅಂದರೆ ಗೇರ್ ಬದಲಿಸುವ ಭಾಗದ, ಪುಟ್ಟ ಚಕ್ರಕ್ಕೆ ಎಳೆದುಕೊಳ್ಳುತ್ತೆ, ಅದು ಇನ್ನೊಂದನ್ನ ಎಳೆಯುತ್ತೆ. ಎರಡು-ಮೂರು ಸುತ್ತಿಗೆ ಡಿರೇಲರ್ ತಿರುಚಿ ಗಾಲಿಯ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತೆ, ಅದನ್ನ ಫ್ರೇಮಿಗೆ ಹಿಡಿದಿಡುವ ಪುಟ್ಟ ಲೋಹದ ತುಂಡು, ಹ್ಯಾಂಗರ್, ಮುರಿಯುತ್ತೆ. ಡಿರೇಲರ್, ಕಡ್ಡಿ, ಚೈನು ಉಳಿದರೆ ಪುಣ್ಯ.

ದಾಟುವ ಕ್ರಮ ಇಷ್ಟೇ. ಹುಲ್ಲು ಕಂಡ ಕೂಡಲೇ ವೇಗ ಇಳಿಸಿ, ಕಾಲು ನಿಲ್ಲಿಸಿ, ಬ್ರೇಕ್ ಮುಟ್ಟದೆ ನೇರವಾಗಿ ತೇಲಿಸಿಕೊಂಡು ಹೋಗಿ. ಹಾಸು ಉದ್ದ ಇದ್ದರೆ ಇಳಿದು ಸೈಕಲ್ ಎತ್ತಿಕೊಂಡು ನಡೆಯಿರಿ. ಆಚೆ ಬದಿಗೆ ಬಂದ ಮೇಲೂ ತಕ್ಷಣ ತುಳಿಯಬೇಡಿ. ಹಿಂದಿನ ಗಾಲಿ ಎತ್ತಿ, ಪೆಡಲನ್ನ ಕೈಯಲ್ಲಿ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಅಂಟಿದ ಎಳೆಗಳನ್ನ ಬ್ಲೇಡಿನಿಂದ ಕೊಯ್ದು ತೆಗೆಯಿರಿ. ಡಿಸ್ಕ್ ಬ್ರೇಕ್ ಇದ್ದರೆ ಬ್ರೇಕ್ ಪ್ಯಾಡ್ ಕೂರುವ ಕ್ಯಾಲಿಪರ್ ಸಂದಿಯನ್ನೂ ನೋಡಿ. ಚೀಲದಲ್ಲಿ ನಿಮ್ಮ ಫ್ರೇಮಿಗೇ ಹೊಂದುವ ಹ್ಯಾಂಗರ್ ಒಂದಿರಲಿ. ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರಲ್ಲ, ಜೊತೆಗಾರರ ಹತ್ತಿರ ಇದೆ ಅಂತ ನಂಬಿಕೊಂಡು ಹೋಗಬೇಡಿ.

ಹಾಗಂತ ರೈತರ ಮೇಲೆ ಪೋಸ್ಟ್ ಹಾಕೋ ಚಾಳಿ ಬೇಡ. ಸಗಣಿ ಸಾರಿಸಿದ ಕಣ, ರೋಣಗಲ್ಲು, ಎತ್ತು, ಇದನ್ನೆಲ್ಲ ಇಟ್ಟುಕೊಳ್ಳೋ ಜಾಗವೂ ಆಳುಗಳೂ ಈಗ ಎಷ್ಟು ಮನೆಯಲ್ಲಿ ಉಳಿದಿವೆ? ವಾರಕ್ಕೊಂದು ದಿನ ವ್ಯಾಯಾಮಕ್ಕೆ ಬರುವವರು ನಾವು.

ಮ್ಯಾಪಿನಲ್ಲಿ ತುಂಬ ಆಸೆ ಹುಟ್ಟಿಸುವುದು ವಿಶ್ವೇಶ್ವರಯ್ಯ ನಾಲೆಯ ಏರಿ. ನೀಲಿ ಗೆರೆಯ ಪಕ್ಕ ನೆಟ್ಟಗೆ ಒಂದು ಬಿಳಿ ಗೆರೆ, ಏರಿಳಿತ ಸೊನ್ನೆ. ನೆಲದಲ್ಲಿ ಅದು ಒಂದೆರಡು ಕಿ.ಮೀ. ಟಾರು, ಆಮೇಲೆ ಜಲ್ಲಿ, ಆಮೇಲೆ ಜಾಲಿ ಮುಳ್ಳು. ಬಹಳ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಜನ ಸತ್ತದ್ದು ನೆನಪಿರಲಿ. ಕತ್ತಲಲ್ಲಿ, ಚಳಿಗಾಲದ ಮಂಜಿನಲ್ಲಿ ಏರಿ ಮೇಲೆ ಸೈಕಲ್ ಬೇಡವೇ ಬೇಡ. ಬೇರೆ ಒಳರಸ್ತೆ ಚೆನ್ನಾಗಿದೆಯಾ ಅಂತ ತಿಳಿಯೋಕೆ ಹಳ್ಳಿಯಲ್ಲಿ "ರೋಡ್ ಚೆನ್ನಾಗಿದ್ಯಾ ಅಣ್ಣ?" ಅಂತ ಕೇಳಬೇಡಿ. ಬೈಕಿನವರ "ಚೆನ್ನಾಗಿದೆ" ನಮ್ಮ "ಚೆನ್ನಾಗಿದೆ" ಅಲ್ಲ. "ಡೇರಿ ಹಾಲಿನ ಗಾಡಿ ಈ ಕಡೆಯಿಂದ ಬರುತ್ತಾ?" ಅಂತ ಕೇಳಿ. ದಿನಾ ಹಾಲಿನ ಗಾಡಿ ಓಡಾಡುವ ರಸ್ತೆ ಬಹುಮಟ್ಟಿಗೆ ತುಳಿಯೋಕೆ ಆಗುವಂಥದ್ದೇ.

ಗ್ರಾಮ ಸಡಕ್ ರಸ್ತೆಗಳ ಅಗಲ ಸಾಮಾನ್ಯವಾಗಿ 3.75 ಮೀಟರ್. ಎದುರಿಗೆ ಟ್ರ್ಯಾಕ್ಟರ್ ಬಂದರೆ ನಾವೇ ಇಳಿಯಬೇಕು. ಇಳಿಯುವಾಗ ಬೀಳುವವರು ಕಡಿಮೆ, ಮತ್ತೆ ಹತ್ತುವಾಗ ಬೀಳುವವರೇ ಜಾಸ್ತಿ. ಮಣ್ಣಿನಿಂದ ಎರಡು ಇಂಚು ಎತ್ತರದ ಕಾಂಕ್ರೀಟ್ ಅಂಚಿಗೆ ಗಾಲಿಯನ್ನ ಓರೆಯಾಗಿ ಸವರಿ ಹತ್ತಿಸಲು ಹೋದರೆ ಗಾಲಿ ಅಂಚನ್ನೇ ಹಿಡಿದು ಉಜ್ಜುತ್ತೆ, ಮೈ ಬಲಕ್ಕೆ ಹೋಗುತ್ತೆ, ಸೈಕಲ್ ಅಲ್ಲೇ ಉಳಿಯುತ್ತೆ. ನಿಂತು, ಎತ್ತಿ, ಮತ್ತೆ ಹೊರಡಿ. ಐದು ಸೆಕೆಂಡಿನ ಕೆಲಸ.

ಟಯರ್ ವಿಷಯದಲ್ಲಿ ನನ್ನದು ಹಟ ಅಂದರೂ ಸರಿ: ಈ ರಸ್ತೆಗಳಿಗೆ 25 ಎಂ.ಎಂ. ಅಗಲದ್ದು ಬೇಡ. ಫ್ರೇಮು ಹಿಡಿಸಿದರೆ 32, ಇಲ್ಲದಿದ್ದರೆ 28. ಎಪ್ಪತ್ತು ಕೆ.ಜಿ. ತೂಕದವರು ಟ್ಯೂಬ್ ಇರುವ 28ಕ್ಕೆ ಹಿಂದೆ 70, ಮುಂದೆ 65 ಪಿ.ಎಸ್.ಐ. ಗಾಳಿಯ ಒತ್ತಡದಿಂದ ಶುರುಮಾಡಿ. 32ಕ್ಕೆ 55-60 ಸಾಕು. 100 ತುಂಬಿಸಿದರೆ ವೇಗ ಬರುತ್ತೆ ಅನ್ನೋದು ಭ್ರಮೆ, ಒರಟು ಟಾರಿನಲ್ಲಿ ಗಾಲಿ ಕುಣಿದು ಶಕ್ತಿ ವ್ಯರ್ಥ. ತೀರಾ ಕಡಿಮೆ ಆದರೆ ಗುಂಡಿಯ ಅಂಚಿಗೆ ರಿಮ್ ಬಡಿದು ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಜೋಡಿ ತೂತು. ತೂತು ಒಂದೇ ಇದ್ದರೆ ಮುಳ್ಳೋ ಎತ್ತಿನ ಲಾಳದ ಮೊಳೆಯೋ ಇನ್ನೂ ಟಯರಿನಲ್ಲೇ ಇರಬಹುದು. ಒಳಗಡೆ ಬೆರಳಾಡಿಸಿ ನೋಡದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಯ್ತು. ನಮ್ಮ ರೋಡ್ ಸೈಕಲ್‌ಗಳ 700ಸಿ ಅಳತೆಯ ಟ್ಯೂಬ್ ಹಳ್ಳಿಯಲ್ಲಿ ಸಿಗಲ್ಲ, ಎರಡು ಒಯ್ಯಿರಿ. ಈ ಟ್ಯೂಬುಗಳ ಸಪೂರ ಪ್ರೆಸ್ಟಾ ವಾಲ್ವಿಗೆ ಹಾಕುವ ಹಿತ್ತಾಳೆ ಅಡಾಪ್ಟರ್ ಒಂದು ಜೇಬಿನಲ್ಲಿದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ತುಂಬಿಸಬಹುದು.

ಮಟ್ಟಸದಲ್ಲಿ ಇಳಿಜಾರಿನ ಬಿಡುವು ಇಲ್ಲದ್ದರಿಂದ ಸೀಟಿನ ಮೇಲೆ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತುಬಿಡ್ತೀವಿ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಇಪ್ಪತ್ತು ಸುತ್ತು ನಿಂತು ತುಳಿಯಿರಿ. ನೀರು ಗಂಟೆಗೆ ಅರ್ಧ ಲೀಟರಿಗೆ ಕಡಿಮೆ ಬೇಡ. ತಿನ್ನೋಕೆ ಬಾಳೆಹಣ್ಣು, ದಾರಿಯಲ್ಲಿ ಆಲೆಮನೆ ಸಿಕ್ಕರೆ ಅಚ್ಚು ಬೆಲ್ಲ. ಎನರ್ಜಿ ಜೆಲ್ ಪ್ಯಾಕೆಟ್ಟಿಗೆ ದುಡ್ಡು ಸುರಿಯೋರ ಬಗ್ಗೆ ಇನ್ನೊಂದು ದಿನ ಬರೀತೀನಿ.

ಬೆಂಗಳೂರಿನಿಂದ ಸೈಕಲ್ ತುಳಿದುಕೊಂಡೇ ಬರುವವರಿಗೆ: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಸೈಕಲ್ ಹತ್ತಿಸುವಂತಿಲ್ಲ, ಸರ್ವಿಸ್ ರಸ್ತೆಯೇ ಗತಿ. ಎದುರು ದಿಕ್ಕಿನಿಂದ ನುಗ್ಗುವ ಬೈಕುಗಳ ಮಧ್ಯೆ ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡಿರಿ. ಅದಕ್ಕಿಂತ ಶ್ರೀರಂಗಪಟ್ಟಣದವರೆಗೆ ಸೈಕಲನ್ನ ಕಾರಿನಲ್ಲಿ ತಂದು, ಅಲ್ಲಿಂದ ಅರಕೆರೆ ಮೇಲೆ ಬನ್ನೂರಿಗೆ ತುಳಿಯೋದು ಮೇಲು. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಮೂರು ವಾರ ನೋಡಿ, ಆಗ ಒಕ್ಕಣೆಯ ಹುಲ್ಲು ರಸ್ತೆಯಿಂದ ತೆಗೆದಾಗಿರುತ್ತೆ, ಗಾಳಿ ಶುರುವಾಗಿರಲ್ಲ. ಬನ್ನೂರು ಹತ್ತಿರ ಬರುವಾಗ ಮಾತ್ರ ನಿಧಾನ. ಕುರಿಮಂದೆ ರಸ್ತೆ ದಾಟುವಾಗ ಗಂಟೆ ಬಾರಿಸಿದರೆ ಎಡಕ್ಕೆ ಹೋಗುತ್ತಿದ್ದವೆಲ್ಲ ಬಲಕ್ಕೆ ತಿರುಗುತ್ತವೆ.