ಟೋಪಿ ಇಲ್ಲದಿದ್ದರೆ ಸೆಲ್ಯೂಟ್ ಇಲ್ಲ

ಬ್ರಿಟಿಷರ ಸೆಲ್ಯೂಟಿಗೂ ಅಮೆರಿಕನ್ನರ ಸೆಲ್ಯೂಟಿಗೂ ಏನು ವ್ಯತ್ಯಾಸ ಅಂತ ಯಾರನ್ನಾದರೂ ಕೇಳಿ, ಅಂಗೈ ಅನ್ನುತ್ತಾರೆ. ಬ್ರಿಟಿಷ್ ಸೈನಿಕನ ಅಂಗೈ ಎದುರಿನವನಿಗೆ ಪೂರ್ತಿ ಕಾಣುತ್ತದೆ, ಅಮೆರಿಕದವನದು ನೆಲ ನೋಡುತ್ತದೆ. ನಿಜ. ಆದರೆ ಮೊದಲು ಇಂಗ್ಲೆಂಡಿನಲ್ಲಿ, ಈಗ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಸಂಸಾರ ಮಾಡುತ್ತಿರುವ ನನಗೆ ಅಂಗೈ ಅಂಥ ದೊಡ್ಡ ವಿಷಯ ಅನಿಸುವುದಿಲ್ಲ. ಬ್ರಿಟಿಷ್ ನೌಕಾಪಡೆಯವರೂ ಅಂಗೈಯನ್ನು ಕೆಳಗೇ ಮಾಡುತ್ತಾರೆ. ಹಗ್ಗಕ್ಕೆ, ಹಲಗೆಗೆ ಹಚ್ಚುವ ಟಾರಿನಿಂದ ನಾವಿಕರ ಕೈ ಕಪ್ಪಾಗಿರುತ್ತಿತ್ತು, ಅದನ್ನು ಆಫೀಸರಿಗೆ ತೋರಿಸಬಾರದು ಅಂತ ಹೀಗಾಯಿತು ಅನ್ನುವುದು ಹಡಗಿನವರು ಹೇಳುವ ಕಥೆ. ನಮ್ಮ ಭಾರತದಲ್ಲೇ ಮೂರು ತರ ಇದೆ ಅಲ್ವಾ. ಭೂಸೇನೆಯ ಅಂಗೈ ಎದುರಿಗೆ, ನೌಕಾಪಡೆಯದು ಕೆಳಕ್ಕೆ, ವಾಯುಪಡೆಯದು 2006ರಿಂದ 45 ಡಿಗ್ರಿ ಓರೆ. ಇದರಿಂದ ಯಾರ ಶಿಸ್ತೂ ಹೆಚ್ಚು ಕಮ್ಮಿ ಆಗಿಲ್ಲ.

ವ್ಯತ್ಯಾಸ ಇರುವುದು ಟೋಪಿಯಲ್ಲಿ. ಬ್ರಿಟಿಷ್ ಸೇನೆಯಲ್ಲಿ ತಲೆ ಮೇಲೆ ಟೋಪಿ ಇಲ್ಲ ಅಂದರೆ ಕೈ ಮೇಲೇಳುವುದಿಲ್ಲ. ಎದುರಿಗೆ ಜನರಲ್ ಬಂದರೂ ಸರಿ, ನೆಟ್ಟಗೆ ನಿಂತರೆ ಮುಗಿಯಿತು. ಸೆಲ್ಯೂಟ್ ಆ ಮನುಷ್ಯನಿಗಲ್ಲ, ರಾಜ ಅವನಿಗೆ ಕೊಟ್ಟ ಅಧಿಕಾರಪತ್ರಕ್ಕೆ ಅನ್ನುವುದು ಅವರ ಲೆಕ್ಕ. ಹಾಗಾಗಿ ಜೀವನವೆಲ್ಲ ಪರೇಡ್ ಮೈದಾನದಲ್ಲೇ ಸವೆಸಿದ ಸಾರ್ಜೆಂಟ್ ಮೇಜರ್, ನಿನ್ನೆ ಮೊನ್ನೆ ಸ್ಯಾಂಡ್‌ಹರ್ಸ್ಟ್‌ನ ಆಫೀಸರ್ ತರಬೇತಿ ಶಾಲೆಯಿಂದ ಬಂದ ಮೀಸೆ ಚಿಗುರದ ಹುಡುಗನಿಗೆ ಸೆಲ್ಯೂಟ್ ಹೊಡೆಯಬೇಕು. ಆ ಸಾರ್ಜೆಂಟ್ ಮೇಜರಿಗೆ ಮಾತ್ರ ಯಾರೂ ಹೊಡೆಯುವುದಿಲ್ಲ, ಸರ್ ಅನ್ನುತ್ತಾರೆ ಅಷ್ಟೇ, ಯಾಕೆಂದರೆ ಅವನು ಬರೀ ವಾರಂಟ್ ಆಫೀಸರ್. ಅಮೆರಿಕದಲ್ಲಿ ವಾರಂಟ್ ಆಫೀಸರಿಗೂ ಸೆಲ್ಯೂಟ್ ಉಂಟು.

ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫ್ಯಾಂಟ್ರಿಯಿಂದ ಸುಬೇದಾರ್ ಆಗಿ ನಿವೃತ್ತರಾದ ನನ್ನ ಸೋದರಮಾವನಿಗೆ ಅಮೆರಿಕದ ಭೂಸೇನೆಯಲ್ಲಿ ಆಫೀಸರ್ ರೂಮಿಗೆ ರಿಪೋರ್ಟ್ ಮಾಡಲು ಹೋದವನು ಬರಿತಲೆಯಲ್ಲೇ ಸೆಲ್ಯೂಟ್ ಹೊಡೆಯುತ್ತಾನೆ ಅಂದಾಗ ಫೋನಿನಲ್ಲೇ ನಕ್ಕರು. "ಟೋಪಿ ಇಲ್ದ ಕೈ ಎತ್ತಿದ್ರ ನಮ್ಮ ಉಸ್ತಾದ್ ಇಡೀ ಮೈದಾನ ಓಡಸ್ತಿದ್ದ ನೋಡಪಾ." ಅಮೆರಿಕದ ನೌಕಾಪಡೆಯವರು ಬರಿತಲೆಯಲ್ಲಿ ಕೈ ಎತ್ತುವುದಿಲ್ಲ ಅಂದ ಮೇಲೆ ಅವರಿಗೆ ಸಮಾಧಾನವಾಯಿತು.

ಈ ನಿಯಮ ಎಷ್ಟು ಬಿಗಿ ಅಂತ 2022ರ ಸೆಪ್ಟೆಂಬರಿನಲ್ಲಿ ರಾಣಿ ಎಲಿಜಬೆತ್ ತೀರಿಕೊಂಡಾಗ ಜಗತ್ತೇ ನೋಡಿತು. ಶವಯಾತ್ರೆ ಲಂಡನ್ನಿನ ಯುದ್ಧಸ್ಮಾರಕದ ಮುಂದೆ ಹಾದುಹೋಗುವಾಗ ಮಗ ಚಾರ್ಲ್ಸ್, ಮಗಳು ಆ್ಯನ್, ಮೊಮ್ಮಗ ವಿಲಿಯಂ ಸೆಲ್ಯೂಟ್ ಮಾಡಿದರು. ಇನ್ನೊಬ್ಬ ಮಗ ಆ್ಯಂಡ್ರೂ ಮತ್ತು ಮೊಮ್ಮಗ ಹ್ಯಾರಿ ತಲೆ ತಗ್ಗಿಸಿದರು, ಕೈ ಎತ್ತಲಿಲ್ಲ. ಒಬ್ಬ ಫಾಕ್‌ಲೆಂಡ್ಸ್ ಯುದ್ಧದಲ್ಲಿ ಹೆಲಿಕಾಪ್ಟರ್ ಓಡಿಸಿದವನು, ಇನ್ನೊಬ್ಬ ಎರಡು ಸಲ ಅಫ್ಘಾನಿಸ್ತಾನಕ್ಕೆ ಹೋಗಿ ಬಂದವನು. ಆದರೆ ಅವತ್ತು ಮೈಮೇಲೆ ಯೂನಿಫಾರ್ಮ್ ಇರಲಿಲ್ಲ, ತಲೆ ಮೇಲೆ ಟೋಪಿಯೂ ಇರಲಿಲ್ಲ. ಅವರಿಗೆ ಯಾಕೆ ಯೂನಿಫಾರ್ಮ್ ಸಿಗಲಿಲ್ಲ ಅನ್ನುವುದು ಅರಮನೆಯ ಜಗಳ, ಅದು ನಮಗೆ ಬೇಡ.

ಅಮೆರಿಕ ಇಲ್ಲಿ ಬೇರೆ ದಾರಿ ಹಿಡಿಯಿತು. 2008ರಲ್ಲಿ ಕಾನೂನನ್ನೇ ಬದಲಾಯಿಸಿ, ಧ್ವಜ ಏರುವಾಗ ಮಾಜಿ ಸೈನಿಕರು ಯೂನಿಫಾರ್ಮ್ ಇಲ್ಲದೆಯೂ ಸೆಲ್ಯೂಟ್ ಮಾಡಬಹುದು ಅಂತ ಹೇಳಿತು. ಕಾಗದದಲ್ಲಿ ಇದು ಸಣ್ಣ ತಿದ್ದುಪಡಿ. ಆದರೆ ನಾರ್ಫೋಕ್‌ನಲ್ಲಿ ಜಗತ್ತಿನ ಅತಿ ದೊಡ್ಡ ನೌಕಾನೆಲೆ ಇದೆ, ಬೀದಿಗೊಬ್ಬರಾದರೂ ಹಳೆ ನಾವಿಕರು ಸಿಗುತ್ತಾರೆ. ಮಗಳ ಶಾಲೆಯ ಆಟದ ದಿನ ಒಬ್ಬ ಮುದುಕ ಚಡ್ಡಿ ಹಾಕಿಕೊಂಡು, ಹಡಗಿನ ಹೆಸರು ಹೊಲಿದ ಟೋಪಿ ಇಟ್ಟುಕೊಂಡು ಮಡಚುವ ಕುರ್ಚಿಯಲ್ಲಿ ಕೂತಿದ್ದ. ರಾಷ್ಟ್ರಗೀತೆ ಶುರುವಾಯಿತು. ಊರುಗೋಲನ್ನು ಎಡಗೈಗೆ ಬದಲಾಯಿಸಿಕೊಂಡು ಎದ್ದ, ಬಲಗೈ ಹುಬ್ಬಿನ ಹತ್ತಿರ ಹೋಯಿತು, ಹಾಡು ಮುಗಿಯುವವರೆಗೆ ಬೆರಳು ಅಲ್ಲಾಡಲಿಲ್ಲ, ಮಂಡಿ ಮಾತ್ರ ನಡುಗುತ್ತಿತ್ತು. ಇವನಿಗೆ ನೀನು ಈಗ ಬರೀ ನಾಗರಿಕ, ಕೈ ಕೆಳಗಿಳಿಸು ಅನ್ನುವ ನಿಯಮ ಎಷ್ಟೇ ಹಳೆಯದಾದರೂ ನನಗೆ ಒಪ್ಪಿಗೆಯಿಲ್ಲ.

ಹಾಗಂತ ಅಮೆರಿಕದ ಸಡಿಲತನ ಎಲ್ಲ ಕಡೆ ಚೆಂದ ಅಂತಲ್ಲ. ಅಧ್ಯಕ್ಷರು ಹೆಲಿಕಾಪ್ಟರಿನಿಂದ ಇಳಿಯುವಾಗ ಕೆಳಗೆ ನಿಂತ ಸೈನಿಕನಿಗೆ ತಿರುಗಿ ಸೆಲ್ಯೂಟ್ ಹೊಡೆಯುತ್ತಾರಲ್ಲ, ಅದು ಅನಾದಿ ಕಾಲದ ಸಂಪ್ರದಾಯ ಅಂದುಕೊಂಡವರೇ ಜಾಸ್ತಿ. ಅದನ್ನು ರೂಢಿಗೆ ತಂದದ್ದು 1981ರಲ್ಲಿ ಬಂದ ರೇಗನ್. ಸೇನೆಯ ಮೇಲೆ ಜನಪ್ರತಿನಿಧಿಯ ಹಿಡಿತ ಇರಬೇಕು ಅಂತಲೇ ಸಂವಿಧಾನ ಒಬ್ಬ ನಾಗರಿಕನನ್ನು ಮೇಲೆ ಕೂರಿಸಿದೆ. ಅವನು ಸೂಟು ಹಾಕಿಕೊಂಡು ಸಿಪಾಯಿ ತರ ಕೈ ಎತ್ತುವುದು ಯಾವ ಸುಖಕ್ಕೆ? 2014ರಲ್ಲಿ ಒಬಾಮ ಕೈಯಲ್ಲಿ ಕಾಫಿ ಲೋಟ ಹಿಡಿದೇ ಸೆಲ್ಯೂಟ್ ಹೊಡೆದು ಬೈಸಿಕೊಂಡರು. ಹೊಡೆಯಲೇಬೇಕು ಅನ್ನೋ ರೂಢಿ ಇಲ್ಲದಿದ್ದರೆ ಪಾಪ, ಕಾಫಿಯಾದರೂ ನೆಮ್ಮದಿಯಾಗಿ ಕುಡಿಯುತ್ತಿದ್ದರು. ಬ್ರಿಟನ್ನಿನ ಪ್ರಧಾನಿಗೆ ಈ ಪೇಚಾಟವೇ ಇಲ್ಲ.

ಕುಶಾಲತೋಪಿನಲ್ಲಿ ಮಾತ್ರ ಬ್ರಿಟಿಷರು ಧಾರಾಳ. ರಾಜನ ಹುಟ್ಟುಹಬ್ಬಕ್ಕೆ ಲಂಡನ್ನಿನ ಹೈಡ್ ಪಾರ್ಕ್ ಇಲ್ಲವೇ ಗ್ರೀನ್ ಪಾರ್ಕಿನಲ್ಲಿ 41 ಸುತ್ತು, ಹಳೆ ಕೋಟೆ ಟವರ್ ಆಫ್ ಲಂಡನ್ನಿನಲ್ಲಿ 62. ಅಮೆರಿಕದ ಅಧ್ಯಕ್ಷರಿಗೆ 21, ನಮ್ಮ ಮೈಸೂರು ಮಹಾರಾಜರಿಗೆ ಬ್ರಿಟಿಷರ ಕಾಲದಲ್ಲಿ ಹಾರಿಸುತ್ತಿದ್ದಷ್ಟೇ!

ಇನ್ನು ಸೆಲ್ಯೂಟಿನಾಚೆಗಿನ ಮರ್ಯಾದೆ. ಇಂಗ್ಲೆಂಡಿನಲ್ಲಿದ್ದಾಗ ಬಸ್ಸಲ್ಲಿ, ರೈಲಲ್ಲಿ ಯೂನಿಫಾರ್ಮ್ ಕಂಡದ್ದು ಅಪರೂಪ. ಐರ್ಲೆಂಡಿನ ಬಂಡುಕೋರರ ಬಾಂಬಿನ ಕಾಲದಲ್ಲಿ ಸೈನಿಕರು ಊರೊಳಗೆ ಮಾಮೂಲಿ ಬಟ್ಟೆಯಲ್ಲೇ ಓಡಾಡಬೇಕಿತ್ತು, ಆ ಅಭ್ಯಾಸ ಪೂರ್ತಿ ಹೋಗಿಲ್ಲ. ಇಲ್ಲಿ ಹಾಗಲ್ಲ. ವಿಮಾನ ಹತ್ತುವಾಗ ಯೂನಿಫಾರ್ಮಿನವರನ್ನು ಮೊದಲು ಕರೆಯುತ್ತಾರೆ, ಅಂಗಡಿಯಲ್ಲಿ ರಿಯಾಯಿತಿ, ಕಂಡಕಂಡವರಿಂದ ನಿಮ್ಮ ಸೇವೆಗೆ ಥ್ಯಾಂಕ್ಸ್. ಆ ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ಎಷ್ಟೋ ಸಲ ಎಲ್ಲಿ ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ. ಸ್ಟೇಡಿಯಂಗಳಲ್ಲಿ ಸೈನಿಕರನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸುವುದೆಲ್ಲ ಕ್ಲಬ್ಬುಗಳ ಪ್ರೀತಿಯೇ ಅಂದುಕೊಂಡಿದ್ದರು ಜನ. 2015ರಲ್ಲಿ ಸೆನೆಟರ್‌ಗಳಾದ ಮೆಕೇನ್ ಮತ್ತು ಫ್ಲೇಕ್ ವರದಿ ತಂದು, ಇಂಥ ಎಷ್ಟೋ ಗೌರವಗಳಿಗೆ ರಕ್ಷಣಾ ಇಲಾಖೆಯೇ ಕ್ರೀಡಾ ತಂಡಗಳಿಗೆ ದುಡ್ಡು ಕೊಟ್ಟಿದೆ ಅಂತ ಬಯಲು ಮಾಡಿದರು. ಮರುವರ್ಷ ಅಮೆರಿಕನ್ ಫುಟ್‌ಬಾಲ್ ಲೀಗ್ 7 ಲಕ್ಷ ಡಾಲರಿಗೂ ಜಾಸ್ತಿ ವಾಪಸ್ ಕೊಟ್ಟಿತು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ವೂಟನ್ ಬ್ಯಾಸೆಟ್. ಇಂಗ್ಲೆಂಡಿನ ಸಣ್ಣ ಪೇಟೆ. 2007ರಿಂದ 2011ರವರೆಗೆ ಇರಾಕ್, ಅಫ್ಘಾನಿಸ್ತಾನದಲ್ಲಿ ಸತ್ತವರ ಶವಗಳು ಹತ್ತಿರದ ಲೈನಮ್ ವಾಯುನೆಲೆಗೆ ಬಂದಿಳಿದು ಈ ಊರಿನ ಮುಖ್ಯ ಬೀದಿಯಲ್ಲೇ ಹೋಗುತ್ತಿದ್ದವು. ಯಾರೂ ಆರ್ಡರ್ ಮಾಡಿರಲಿಲ್ಲ. ಚರ್ಚಿನ ಗಂಟೆ ಬಾರಿಸಿದರೆ ಅಂಗಡಿಯವರು, ಸಂತೆಗೆ ಬಂದವರು, ಮಾಜಿ ಸೈನಿಕರು ಫುಟ್‌ಪಾತಿಗೆ ಬಂದು ನಿಲ್ಲುತ್ತಿದ್ದರು, ಗಾಡಿ ಹೋದ ಮೇಲೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು. ಹೀಗೆ 340ಕ್ಕೂ ಹೆಚ್ಚು ಸೈನಿಕರು ಹಾದುಹೋದರು. ಅದೇ ಹೊತ್ತಿನಲ್ಲಿ ಸ್ಟೇಡಿಯಂನಲ್ಲಿ ಚಪ್ಪಾಳೆ ಹೊಡೆಸುವ ಅಮೆರಿಕ, ಡೋವರ್ ವಾಯುನೆಲೆಗೆ ಬರುವ ತನ್ನ ಸೈನಿಕರ ಶವಪೆಟ್ಟಿಗೆಗಳ ಫೋಟೋ ತೆಗೆಯಲು ಪತ್ರಿಕೆಯವರನ್ನು ಬಿಡುತ್ತಿರಲಿಲ್ಲ. 1991ರ ಆ ನಿಷೇಧ ಸಡಿಲವಾದದ್ದು 2009ರಲ್ಲಿ, ಅದೂ ಮನೆಯವರು ಒಪ್ಪಿದರೆ ಮಾತ್ರ.

ನಾನಂತೂ ಇಲ್ಲಿ ಯಾರಿಗೂ ಸೇವೆಗೆ ಥ್ಯಾಂಕ್ಸ್ ಅನ್ನುವುದಿಲ್ಲ, ಬಾಯಿಗೆ ಬರುವುದೇ ಇಲ್ಲ. ನಮ್ಮ ಆಫೀಸಿನಲ್ಲಿ ಹಡಗಿನಲ್ಲಿ ದುಡಿದು ಬಂದವರು ಇದ್ದಾರೆ. ಯಾವ ಹಡಗು, ಎಲ್ಲೆಲ್ಲಿ ಹೋಗಿದ್ರಿ ಅಂತ ಕೇಳುತ್ತೇನೆ. ಊಟದ ಹೊತ್ತು ಪೂರ್ತಿ ಮಾತಾಡುತ್ತಾರೆ, ಜಾಸ್ತಿ ಹಡಗಿನ ಅಡಿಗೆಯವನನ್ನು ಬೈಯುವುದೇ ಇರುತ್ತದೆ.